ಹರಳಿನ ನೆತ್ತಿಗೆ ಒಂದು ಹನಿ ಬೆಳ್ಳಿ

ಬೆಳಗಿನ ಆರೂಕಾಲು. ಸೂರ್ಯ ಹುಟ್ಟುವ ಹೊತ್ತು, ಆದರೆ ಹುಟ್ಟಿದನೋ ಇಲ್ಲವೋ ಹೇಳಬಲ್ಲವರು ಲಾಂಪಾಂಗ್ ಪಟ್ಟಣದಲ್ಲಿ ಯಾರೂ ಇಲ್ಲ. ಮಾರ್ಚ್ ಎಂದರೆ ಈ ಕಡೆ ಹೊಗೆಯ ತಿಂಗಳು. ಗುಡ್ಡದ ಕಾಡುಗಳಲ್ಲಿ ಬೆಂಕಿ ಹರಿದಾಡುತ್ತದೆ, ಬಯಲಿನಲ್ಲಿ ಜೋಳದ ಕೂಳೆ ಉರಿಯುತ್ತದೆ, ಊರಿಗೆ ಊರೇ ಮೂರು ವಾರ ಬೂದಿಯೊಳಗೆ ಕೂತು ಕೆಮ್ಮುತ್ತದೆ. ಆ ಹೊಗೆಯೊಳಗಿಂದ ಒಂದು ಹಳೇ ಸ್ಕೂಟರ್ ಬಂದು ಗೇಟಿನ ಬಳಿ ನಿಲ್ಲುತ್ತದೆ. ಇಳಿದವರು ಬುವಾಪನ್. ಐವತ್ತೊಂಬತ್ತು ವರ್ಷ, ಕುಳ್ಳು ದೇಹ, ಕುತ್ತಿಗೆಯಲ್ಲಿ ದಾರ ಕಟ್ಟಿ ಇಳಿಬಿಟ್ಟ ಎರಡು ಕನ್ನಡಕ. ಗೇಟಿನ ಪಕ್ಕದಲ್ಲಿರುವ ಸ್ಥಳದೇವತೆಯ ಪುಟ್ಟ ಮನೆಗೆ ಕೈ ಮುಗಿದು ಒಳಗೆ ನಡೆಯುತ್ತಾರೆ. ಇವತ್ತು ಮುಗಿದ ಕೈ ಇಳಿಯುವುದು ಸ್ವಲ್ಪ ತಡವಾಗುತ್ತದೆ.

ಒಳಗಿರುವುದು ಬೆಳಕಿನ ಉಂಗುರ. ದೊಡ್ಡ ಸೂರಿನ ಕೆಳಗೆ, ದಪ್ಪ ಗೋಡೆಯ ಹಿಂದೆ, ಎಲೆಕ್ಟ್ರಾನುಗಳು ಸುತ್ತು ಹಾಕುತ್ತಿರುತ್ತವೆ. ಪ್ರತಿ ತಿರುವಿನಲ್ಲೂ ಅವು ಚೆಲ್ಲುವ ಬೆಳಕನ್ನು ಕೊಳವೆಗಳಲ್ಲಿ ಹಿಡಿದು ಒಂಬತ್ತು ಕೋಣೆಗಳಿಗೆ ಹಂಚುತ್ತಾರೆ. ಆರನೇ ಕೋಣೆಗೆ ಬರುವ ಬೆಳಕಿನ ಕೆಲಸ ಅತಿವಾಹಕಗಳನ್ನು ಕೆದಕಿ ನೋಡುವುದು. ಚೂರೂ ನಷ್ಟವಿಲ್ಲದೆ ವಿದ್ಯುತ್ತನ್ನು ಹರಿಯಬಿಡುವ ವಸ್ತುಗಳಿಗೆ ಅತಿವಾಹಕ ಎಂದು ಹೆಸರು. ಅವುಗಳಲ್ಲಿ ಸಾಧು ಸ್ವಭಾವದವು ಕೆಲವು. ಅವುಗಳ ಗುಟ್ಟು ರಟ್ಟಾಗಿ, ಪಾಠವಾಗಿ, ಪರೀಕ್ಷೆಯ ಪ್ರಶ್ನೆಯೂ ಆಗಿ ಎಷ್ಟೋ ಕಾಲವಾಯಿತು. ಈ ಕೋಣೆಗೆ ಬರುವುದು ಪುಂಡ ಬಗೆಯವು. ಹಳೆಯ ನಿಯಮಕ್ಕೆ ಬಗ್ಗದವು. ಅವು ಯಾಕೆ ಹಾಗೆ ನಡೆದುಕೊಳ್ಳುತ್ತವೆ ಎಂದು ಎದೆ ತಟ್ಟಿ ಹೇಳುವವರು ಇವತ್ತಿಗೂ ಇಲ್ಲ.

ಬುವಾಪನ್ ಮೇಜಿನ ದೀಪ ಹಾಕುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ತಾಮ್ರದ ಒಂದು ಬಿಲ್ಲೆ, ಅದರ ಮೇಲೆ ನಿನ್ನೆ ಕೂರಿಸಿದ ಹರಳು. ಸಾಸಿವೆ ಕಾಳಿನ ಅರ್ಧದಷ್ಟಿದೆ, ಕಪ್ಪಗೆ, ನುಣ್ಣಗೆ. ಅದರ ನೆತ್ತಿಯ ಮೇಲೆ ಪಿಂಗಾಣಿಯ ಪುಟ್ಟ ಕಡ್ಡಿಯೊಂದನ್ನು ನೆಟ್ಟಗೆ ನಿಲ್ಲಿಸಬೇಕು. ಬೆಳ್ಳಿಯ ಪುಡಿ ಕಲಸಿದ ಅಂಟಿನ ಒಂದು ಹನಿ ನಡುವೆ ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ. ಹನಿ ಇಡುವುದಕ್ಕೆ ಅವರ ಕೈಯಲ್ಲಿರುವುದು ಬೆಕ್ಕಿನ ಮೀಸೆಯ ಒಂದೇ ಒಂದು ಕೂದಲು. ಕಾವಲುಗಾರನ ಬೆಕ್ಕು ಉದುರಿಸಿದ್ದನ್ನು ಎತ್ತಿಕೊಂಡು, ಹಂದಿಮಾಂಸ ಸುಡುವ ಬಿದಿರು ಕಡ್ಡಿಯ ತುದಿಗೆ ಕಟ್ಟಿದ್ದಾರೆ. ದೂರದೇಶದಿಂದ ತರಿಸಿದ ಸಲಕರಣೆಗಳ ಪೆಟ್ಟಿಗೆ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದೆ.

“ಆ ಪೆಟ್ಟಿಗೇಲಿರೋ ಸೂಜಿಗೆ ಬಾಗೋದೇ ಗೊತ್ತಿಲ್ಲ” ಎನ್ನುತ್ತಾರೆ ಬುವಾಪನ್. “ಮೀಸೆ ಆದ್ರೆ ಹನಿ ಹರಳನ್ನ ಮುಟ್ಟಿದ್ದು ಬೆರಳಿಗೆ ತಿಳಿಯುತ್ತೆ. ಕತ್ತಲೇಲಿ ಬೆಕ್ಕಿಗೆ ಗೋಡೆ ತಿಳಿಯೋ ಹಾಗೆ.”

ಮೀಸೆಯ ತುದಿಯಲ್ಲಿ ಹನಿ ಎತ್ತುತ್ತಾರೆ. ಹರಳಿನ ತನಕ ತರುತ್ತಾರೆ. ವಾಪಸು ಒಯ್ದು ಒರೆಸಿ ಹಾಕುತ್ತಾರೆ. ಮತ್ತೆ ಎತ್ತುತ್ತಾರೆ, ಮತ್ತೆ ಒರೆಸುತ್ತಾರೆ. ಹನ್ನೊಂದು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಕಡ್ಡಿ ನಿಲ್ಲಿಸಿದ ಕೈ ಇದು. ಇವತ್ತು ಹಿಂದೆ ಮುಂದೆ ನೋಡುತ್ತಿದೆ.

ಯಾಕೆಂದು ತಿಳಿಯಬೇಕಾದರೆ ಈ ಕಡ್ಡಿ ಯಾಕೆಂದು ಮೊದಲು ತಿಳಿಯಬೇಕು. ಹರಳನ್ನು ಗಾಳಿಯೇ ಇಲ್ಲದ ಉಕ್ಕಿನ ಪಾತ್ರೆಯೊಳಗೆ ಇಳಿಸಿ, ಸೊನ್ನೆಗಿಂತ ಇನ್ನೂರ ಅರವತ್ತು ಡಿಗ್ರಿ ಕೆಳಕ್ಕೆ ತಣಿಸುತ್ತಾರೆ. ಆಮೇಲೆ ಒಂದು ಸರಳಿನಿಂದ ಕಡ್ಡಿಗೆ ಮೆಲ್ಲಗೆ ಏಟು. ಕಡ್ಡಿ ಮುರಿದು ಬೀಳುವಾಗ ಹರಳಿನ ಮೇಲ್ಪದರವನ್ನೂ ಕಿತ್ತುಕೊಂಡು ಹೋಗುತ್ತದೆ. ಕೆಳಗೆ ಹೊಸ ಮುಖ; ಹರಳು ಹುಟ್ಟಿದಂದಿನಿಂದ ಗಾಳಿ ಸೋಕದ, ಯಾರೂ ಕಾಣದ ಮುಖ. ಬೆಳಕು ಬೀಳಬೇಕಾದದ್ದು ಅದರ ಮೇಲೆ. ಬಿದ್ದ ಬೆಳಕು ಎಲೆಕ್ಟ್ರಾನುಗಳನ್ನು ಹೊರಕ್ಕೆ ಹಾರಿಸುತ್ತದೆ, ಅವು ಯಾವ ದಿಕ್ಕಿಗೆ, ಎಷ್ಟು ಕಸುವಿನಿಂದ ಹಾರಿದವು ಎಂದು ಅಳೆದರೆ ಹರಳಿನ ಒಳಮನೆಯ ಸಂಗತಿ ಹೊರಗೆ ಬರುತ್ತದೆ. ಆ ಮುಖದ ಆಯುಸ್ಸು ಹನ್ನೆರಡು ಗಂಟೆ. ಆಮೇಲೆ ಅದೂ ಮಂಕಾಗುತ್ತದೆ. ಹತ್ತು ಕಡ್ಡಿಗಳಲ್ಲಿ ಮೂರು ಕೈ ಕೊಡುತ್ತವೆ: ಅಂಟು ಮಾತ್ರ ಕಿತ್ತು ಬರುತ್ತದೆ, ಇಲ್ಲವೇ ಹರಳೇ ಪುಡಿಯಾಗುತ್ತದೆ. ಬೇರೆ ಕಡೆ ಹತ್ತರಲ್ಲಿ ಐದು ಹೋಗುತ್ತವಂತೆ.

ಇವತ್ತು ಕೈ ಕೊಟ್ಟರೆ ಇನ್ನೊಂದು ಹರಳಿಲ್ಲ. ಇವನ್ನು ಬೆಳೆಸುತ್ತಿದ್ದವರು ಚಿಯಾಂಗ್ ಮಾಯ್‌ನ ಪ್ರಯೂನ್ ಮೇಷ್ಟ್ರು. ಆರು ವಾರ ಕುಲುಮೆಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿ ಒಂದು ಕಂತು ತೆಗೆಯುತ್ತಿದ್ದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಪಾಕ ಕಾಗದದ ಮೇಲಿದೆ, ಹದ ಅವರ ಕೈಯಲ್ಲಿತ್ತು, ಕೈ ಚಿತೆಗೆ ಹೋಯಿತು. ಕುಲುಮೆ ಅವತ್ತಿನಿಂದ ತಣ್ಣಗಿದೆ. ಉಳಿದಿದ್ದ ಏಳು ಹರಳುಗಳಲ್ಲಿ ಆರು ಮುಗಿದಿವೆ.

ಬುವಾಪನ್ ಹುಟ್ಟಿದ್ದು ಪಿಂಗಾಣಿಯ ನಡುವೆ. ಲಾಂಪಾಂಗ್‌ನ ಬಿಳಿ ಮಣ್ಣಿನಿಂದ ಹುಂಜದ ಚಿತ್ರದ ಬಟ್ಟಲುಗಳನ್ನು ಮಾಡುವ ಕಾರ್ಖಾನೆಯೊಂದಕ್ಕೆ ಹದಿನಾರನೇ ವಯಸ್ಸಿಗೆ ಸೇರಿದರು. ಕೆಲಸ, ಲೋಟಗಳಿಗೆ ಹಿಡಿ ಅಂಟಿಸುವುದು. ಹಸಿ ಮಣ್ಣಿನ ಲೋಟ, ಹಸಿ ಮಣ್ಣಿನ ಹಿಡಿ, ನಡುವೆ ತೆಳ್ಳಗೆ ಕಲಸಿದ ಮಣ್ಣು. ದಿನಕ್ಕೆ ಆರುನೂರು ಹಿಡಿ, ಮೂವತ್ತೊಂದು ವರ್ಷ. ಕಲಸಿದ್ದು ನೀರಾದರೆ ಜಾರುತ್ತದೆ, ಗಟ್ಟಿಯಾದರೆ ಒಲೆಯಲ್ಲಿ ಬಿಡುತ್ತದೆ. ಗಂಡ ಅದೇ ಕಾರ್ಖಾನೆಯ ಒಲೆ ಮನೆಯಲ್ಲಿದ್ದರು. ಬಿಳಿ ಮಣ್ಣಿನ ಧೂಳು ಅವರ ಎದೆಯೊಳಗೆ ಮನೆ ಮಾಡಿತು. ಆರು ವರ್ಷದ ಹಿಂದೆ ಇಂಥದೇ ಒಂದು ಹೊಗೆಯ ತಿಂಗಳಲ್ಲಿ ಉಸಿರು ಸಾಲದೆ ಹೋದರು. ಬುವಾಪನ್ ಮೂರನೇ ದಿನ ಈ ಮೇಜಿಗೆ ಬಂದು ಕೂತರು. ಕೋಣೆಗೆ ಬೆಳಕು ಸಿಗುವ ಸರದಿ ನಿಗದಿಯಾಗಿತ್ತು, ಹರಳು ಕಾಯುತ್ತಿತ್ತು.

“ಮನೇಲಿದ್ರೆ ಅವರ ಕೆಮ್ಮು ಕೇಳಿಸ್ತಿತ್ತು” ಎನ್ನುತ್ತಾರೆ. “ಅವರಿಲ್ಲ ಅಂತ ಗೊತ್ತು. ಆದ್ರೂ ಕೇಳಿಸ್ತಿತ್ತು.”

ಕಾರ್ಖಾನೆ ಮುಚ್ಚಿದಾಗ ಅವರು ಉಂಗುರಕ್ಕೆ ಬಂದದ್ದು ನೆಲ ಒರೆಸುವ ಕೆಲಸಕ್ಕೆ. ಆಗ ಆರನೇ ಕೋಣೆಯಲ್ಲಿ ರವಿವನ್ ಎಂಬ ಹುಡುಗಿ ಹೊಸದಾಗಿ ಬಂದಿದ್ದಳು. ಕಾಲೇಜು ಮುಗಿಸಿದ ಜಾಣೆ, ಗಣಿತದಲ್ಲಿ ಚಿನ್ನದ ಪದಕ, ಕೈ ಮಾತ್ರ ತಪ್ಪಿಯೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾಲ್ಕನೇ ಹರಳನ್ನು ಕೆಡಿಸಿ ಅಳುತ್ತ ಕೂತಿದ್ದಾಗ, ಒರೆಸುವ ಕೋಲು ಹಿಡಿದ ಹೆಂಗಸೊಬ್ಬರು ಹಿಂದಿನಿಂದ ಬಗ್ಗಿ ನೋಡಿ, “ಹನಿ ಜಾಸ್ತಿ ಆಯ್ತು ಕಣಮ್ಮ” ಎಂದರು. ಅಲ್ಲಿಂದ ಶುರುವಾದದ್ದು. ರವಿವನ್ ಈಗ ಡಾಕ್ಟರ್ ರವಿವನ್, ಮೂವತ್ತನಾಲ್ಕು ವರ್ಷ, ಆರನೇ ಕೋಣೆಯ ಉಸ್ತುವಾರಿ. ಬುವಾಪನ್ ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಹೊರಗಿನವರ ಎದುರು ಬುವಾಪನ್ ರವಿವನ್‌ಗೆ ಡಾಕ್ಟ್ರೇ ಎನ್ನುತ್ತಾರೆ, ಕೋಣೆಯವರೇ ಇದ್ದಾಗ ಮಗಳೇ.

ಆ ಮಗಳ ಹೆಸರು ದೇಶ ದಾಟಿದ್ದು ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ.

ಅತಿವಾಹಕ ತಣ್ಣಗಾದಾಗ ಅದರ ಎಲೆಕ್ಟ್ರಾನುಗಳ ನಡುವೆ ಒಂದು ಸಂದು ತೆರೆದುಕೊಳ್ಳುತ್ತದೆ. ಕೋಣೆಯವರು ಅದನ್ನು ಸಂದು ಎಂದೇ ಕರೆಯುತ್ತಾರೆ. ಸಾಧು ವಸ್ತುಗಳಲ್ಲಿ ಅದು ಎಲ್ಲ ದಿಕ್ಕಿಗೂ ಒಂದೇ ಅಗಲ. ಪುಂಡ ವಸ್ತುಗಳಲ್ಲಿ ಕೆಲವದರಲ್ಲಿ ಅದು ಒಂದು ದಿಕ್ಕಿನಲ್ಲಿ ಅಗಲವಾಗಿದ್ದು, ಇನ್ನೊಂದು ದಿಕ್ಕಿನಲ್ಲಿ ಕಿರಿದಾಗುತ್ತ ಬಂದು ಪೂರಾ ಮುಚ್ಚಿಹೋಗುತ್ತದೆ. ಎಲ್ಲಿ ಮುಚ್ಚುತ್ತದೆ ಎಂಬುದೇ ಅವುಗಳ ಒಳಗುಟ್ಟಿನ ಜಾಡು. ಮೇಷ್ಟ್ರ ಹರಳಿನಲ್ಲಿ, ಒಂದು ಓರೆ ದಿಕ್ಕಿನಲ್ಲಿ, ಸಂದು ಮುಚ್ಚುತ್ತದೆ ಎಂದು ರವಿವನ್ ಕಂಡರು. ಯಾರೂ ಎಣಿಸದ ಸಂಗತಿ. ಕಂಪ್ಯೂಟರಿನ ತೆರೆಯ ಮೇಲೆ ಸಂದು ಮುಚ್ಚಿದ್ದನ್ನು ಕಂಡು ಅತ್ತರು, ದೊಡ್ಡಮ್ಮನನ್ನು ಅಪ್ಪಿಕೊಂಡು ಮತ್ತೆ ಅತ್ತರು. ಸರದಿಗೆ ಮೊದಲು ಗೇಟಿನ ಸ್ಥಳದೇವತೆಗೆ ಹರಕೆ ಹೊತ್ತಿದ್ದರು, ತೊಂಬತ್ತೊಂಬತ್ತು ಬೇಯಿಸಿದ ಮೊಟ್ಟೆ. ಮರುದಿನ ಬೆಳಿಗ್ಗೆ ಅಷ್ಟೂ ಬೆಂದವು, ಊದುಬತ್ತಿ ಹಚ್ಚಿ ಒಪ್ಪಿಸಿದ್ದಾಯಿತು, ಆಮೇಲೆ ಕೋಣೆ ಕೋಣೆಗೂ ಹಂಚಿದ್ದಾಯಿತು. ಬುವಾಪನ್ ಎರಡು ತಿಂದರು.

ಮಧ್ಯಾಹ್ನ ಹರಳು ಪಾತ್ರೆಯಿಂದ ಹೊರಗೆ ಬಂತು. ಬಿಲ್ಲೆ ಉಜ್ಜಿ ತೊಳೆದಿಡುವುದು ಬುವಾಪನ್ ಅವರ ಕೆಲಸ. ತೊಳೆಯುವ ಮುಂಚೆ ರೂಢಿಯಂತೆ ಒಂದು ಸಲ ಕಣ್ಣಿಟ್ಟು ನೋಡಿದರು. ಹರಳಿನ ಒಂದು ಅಂಚಿಗೆ ಬೆಳ್ಳಿ ಮೆತ್ತಿತ್ತು. ಕೂದಲೆಳೆಯಷ್ಟು. ಅಂಟು ಹಾಕಿದ ದಿನ ವಿಪರೀತ ಚಳಿ. ಅಂಟು ಬಿರುಸಾಗಿದೆ ಎಂದು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ್ದರು. ಬೆಚ್ಚಗಾದದ್ದು ನೀರಾಗಿತ್ತು, ನೀರಾದದ್ದು ಬದಿಗೆ ಜಾರಿತ್ತು. ಹರಳನ್ನು ಆ ಓರೆ ದಿಕ್ಕಿಗೆ ತಿರುಗಿಸಿದಾಗ ಬೆಳಕಿನ ಚುಕ್ಕೆ ಸರಿದು ಸರಿದು ಬಂದು ಬಿದ್ದದ್ದು ಸರಿಯಾಗಿ ಆ ಅಂಚಿನ ಮೇಲೆ. ಬೆಳ್ಳಿ ಅತಿವಾಹಕವಲ್ಲ. ಬೆಳ್ಳಿಯಲ್ಲಿ ಸಂದು ಎಂಬುದೇ ಇಲ್ಲ. ಅದರ ಮೇಲೆ ಬಿದ್ದ ಬೆಳಕು ಯಾವತ್ತೂ ಮುಚ್ಚಿದೆ ಎಂದೇ ಹೇಳುತ್ತದೆ. ಇಷ್ಟು ಭೌತಶಾಸ್ತ್ರ ಆ ಕೋಣೆಯ ಗೋಡೆಗಳಿಗೂ ಗೊತ್ತು, ದೊಡ್ಡಮ್ಮನಿಗೂ ಗೊತ್ತು.

ಹೇಳಲಿಲ್ಲ. ಈ ನಾಡಿನ ಜನಕ್ಕೆ ದಾಕ್ಷಿಣ್ಯವೆಂಬುದು ಮೂಳೆಯೊಳಗೇ ಇರುತ್ತದೆ. ನಗುತ್ತಿರುವವರ ಮುಖ ಬಾಡಿಸುವುದು ಇಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು. ಅದರ ಮೇಲೆ ಹರಕೆ ಬೇರೆ ತೀರಿಹೋಗಿತ್ತು.

“ದೇವರು ಮೊಟ್ಟೆ ಸ್ವೀಕರಿಸಿ ಆಗಿತ್ತು. ನಾವು ಪ್ರಸಾದ ತಿಂದು ಸಿಪ್ಪೆ ಗುಡಿಸಿ ಆಗಿತ್ತು” ಎನ್ನುತ್ತಾರೆ ಬುವಾಪನ್. “ಆಮೇಲೆ ಹೋಗಿ, ತಾಯೀ ಅದು ಬರೀ ನನ್ನ ಅಂಟು ಅನ್ನೋದು ಹೇಗೆ? ನಾಳೆ ಹೇಳೋಣ ಅಂದ್ಕೊಂಡೆ. ನಾಳೆಗೆ ಅವಳು ಬರೆಯೋಕೆ ಕೂತಿದ್ಲು. ಆಮೇಲೆ ಅಚ್ಚಾಯ್ತು. ಆಮೇಲೆ ಅವಳಿಗೆ ಈ ಕೋಣೆ ಕೊಟ್ರು. ಒಂದೊಂದು ದಿನ ಕಳೆದ ಹಾಗೂ ಬಾಯಿ ಇನ್ನಷ್ಟು ಭಾರ ಆಯ್ತು.”

ಆ ಬಿಲ್ಲೆಯನ್ನು ಮಾತ್ರ ಅವರು ತೊಳೆಯಲಿಲ್ಲ. ನೋವಿನ ಮುಲಾಮಿನ ಖಾಲಿ ಡಬ್ಬಿಯೊಳಗೆ ಹಾಕಿ ಇಟ್ಟುಕೊಂಡರು.

ಹೋದ ವರ್ಷ ಜರ್ಮನಿಯವರು ಅದೇ ಜಾತಿಯ ಹರಳು ಬೆಳೆಸಿ ಅಳೆದರು. ಸಂದು ಮುಚ್ಚುವುದಿಲ್ಲ, ಕಿರಿದಾಗುತ್ತದೆ ಅಷ್ಟೇ ಎಂದು ವಿನಯವಾಗಿ ಬರೆದರು. ನಿಮ್ಮ ಹರಳೇ ಕಲಬೆರಕೆ ಎಂದು ರವಿವನ್ ಅಷ್ಟು ವಿನಯವಿಲ್ಲದೆ ಉತ್ತರ ಬರೆದರು. ಜಗಳ ಹತ್ತಿಕೊಂಡಿತು. ಇತ್ಯರ್ಥಕ್ಕೆಂದು ಇವತ್ತಿನ ಸರದಿ. ಸಂದು ಮುಚ್ಚಿದರೆ ರವಿವನ್ ಗೆದ್ದರು. ಮುಚ್ಚದಿದ್ದರೆ ಅವರ ಹೆಸರಿನ ಮೇಲೆ ನಿಂತಿರುವುದೆಲ್ಲ ಕುಸಿಯುತ್ತದೆ, ಕೋಣೆಯ ಉಸ್ತುವಾರಿಯೂ ಸೇರಿ.

ಬುವಾಪನ್ ಮೀಸೆಯ ತುದಿಯಲ್ಲಿ ಮತ್ತೆ ಹನಿ ಎತ್ತಿದ್ದಾರೆ. ಅದು ಸಾಸಿವೆಯ ಹತ್ತರಲ್ಲೊಂದು ಪಾಲು. ಇನ್ನೊಂದು ಚೂರು ದೊಡ್ಡದಾದರೆ ಸಾಕು, ಆ ಅಂಚಿನ ಕಡೆ ಜಾರುತ್ತದೆ, ಮತ್ತೊಮ್ಮೆ ಮುಚ್ಚುತ್ತದೆ, ಮಗಳು ನಗುತ್ತಾಳೆ. ಜಗತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಹರಳಿಲ್ಲವಲ್ಲ. ಅವರಿಗೂ ಸೆಪ್ಟೆಂಬರಿಗೆ ಅರವತ್ತು ತುಂಬುತ್ತದೆ, ಕೆಲಸ ಮುಗಿಯುತ್ತದೆ. ಅವರು ಆ ಹನಿಯನ್ನೂ ಒರೆಸಿ, ಅದಕ್ಕಿಂತ ಸಣ್ಣದೊಂದು ಎತ್ತಿ, ಉಸಿರು ಹಿಡಿದು, ನೆತ್ತಿಯ ನಡುಮಧ್ಯೆ ಇಡುತ್ತಾರೆ. ಕಡ್ಡಿ ಕೂರಿಸುತ್ತಾರೆ. ನಾಲ್ಕೂ ಕಡೆಯಿಂದ ತಿರುಗಿಸಿ ನೋಡುತ್ತಾರೆ. ಎಲ್ಲೂ ಜಾರಿಲ್ಲ. ಒಲೆಗೆ ಹಾಕಿ, ನೂರಿಪ್ಪತ್ತು ಡಿಗ್ರಿಗೆ ಒಂದು ಗಂಟೆ ಇಟ್ಟು, ಕೈ ತೊಳೆದುಕೊಳ್ಳುತ್ತಾರೆ.

ಏಳೂವರೆಗೆ ರವಿವನ್ ಬರುತ್ತಾರೆ. ಹೊಗೆಗೆ ಕಣ್ಣು ಕೆಂಪಾಗಿವೆ, ಅಥವಾ ನಿದ್ದೆ ಇಲ್ಲದ್ದಕ್ಕೆ. ಹಿಂದೆಯೇ ಬುನ್‌ಲೆರ್ಟ್, ಬೆಳಕಿನ ಕೊಳವೆ ನೋಡಿಕೊಳ್ಳುವ ಕುಶಲಕರ್ಮಿ, ಬಾಯಿ ಸುಮ್ಮನಿರದ ಆಸಾಮಿ. ಮೂವರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅಂಟು ಅಕ್ಕಿಯ ಅನ್ನ, ಸುಟ್ಟ ಹಂದಿಮಾಂಸ ಬಿಚ್ಚುತ್ತಾರೆ.

“ಹರಕೆ ಹೇಳ್ಕೊಂಡು ಬಂದೆ ದೊಡ್ಡಮ್ಮ” ಎನ್ನುತ್ತಾರೆ ರವಿವನ್. “ಈ ಸಲ ನೂರ ತೊಂಬತ್ತೊಂಬತ್ತು.”

“ಲಾಂಪಾಂಗ್‌ನ ಕೋಳಿಗಳೆಲ್ಲಾ ಗುಳೆ ಹೋಗ್ತವೆ” ಎನ್ನುತ್ತಾರೆ ಬುನ್‌ಲೆರ್ಟ್. “ಹೋದ್ಸಲದ್ದೇ ನನಗೆ ನಾಲ್ಕು ದಿನ ಹೊಟ್ಟೆ ಉಬ್ಬರ. ಮುಂದಿನ ಸಲ ಬಾಳೆಹಣ್ಣು ಹೇಳ್ಕೊಳಿ ಡಾಕ್ಟ್ರೇ.”

“ಏನಂತ ಬೇಡ್ಕೊಂಡೆ ಮಗಳೇ?” ಬುವಾಪನ್ ಕೇಳುತ್ತಾರೆ.

“ಇನ್ನೇನಂತ. ಮುಚ್ಚಲಿ ಅಂತ.”

ಬುವಾಪನ್ ಅನ್ನದ ಬುಟ್ಟಿ ಪಕ್ಕಕ್ಕಿಟ್ಟು, ಚೀಲದಿಂದ ಮುಲಾಮಿನ ಡಬ್ಬಿ ತೆಗೆಯುತ್ತಾರೆ. ಮುಚ್ಚಳ ತಿರುಚಿ ರವಿವನ್ ಕೈಗೆ ಕೊಡುತ್ತಾರೆ. ಎರಡು ವರ್ಷದಿಂದ ಹೇಳಲಾಗದ್ದನ್ನು ಹೇಳುವುದಕ್ಕೆ ಅವರಿಗೆ ಬೇಕಾದದ್ದು ಮೂರೇ ಮಾತು. “ಡಿಸೆಂಬರಿನ ಬಿಲ್ಲೆ. ಅಂಚು ನೋಡು. ಅಂಟು ಜಾರಿತ್ತು.”

ರವಿವನ್ ಎದ್ದು ಒಳಗೆ ಹೋಗುತ್ತಾರೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಬುನ್‌ಲೆರ್ಟ್ ಬಾಯಿಯ ತುತ್ತನ್ನು ಅಗಿಯುವುದನ್ನೇ ಬಿಟ್ಟಿದ್ದಾರೆ. ತುಂಬ ಹೊತ್ತಾದ ಮೇಲೆ ರವಿವನ್ ಬಾಗಿಲಿಗೆ ಬಂದು ನಿಲ್ಲುತ್ತಾರೆ.

“ಎರಡು ವರ್ಷ ದೊಡ್ಡಮ್ಮ.”

“ಹೂಂ.”

“ಜರ್ಮನಿಯವರಿಗೆ ನಾನು ಏನೇನೆಲ್ಲಾ ಬರೆದೆ ಗೊತ್ತಾ? ಬರೆದಿದ್ದನ್ನ ನಿಮಗೆ ಓದಿ ಹೇಳಿದ್ದೆ. ನೀವು ಇದೇ ಮೆಟ್ಟಿಲ ಮೇಲೆ ಕೂತು ಊಟ ಮಾಡ್ತಿದ್ರಿ.”

“ಮಾಡ್ತಿದ್ದೆ. ಅವತ್ತು ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಂದು.”

ರವಿವನ್ ಕೂಗಾಡುವುದಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಬುವಾಪನ್‌ಗೆ ಅನ್ನಿಸುತ್ತದೆ. ಒಲೆಯ ಗಂಟೆ ಬಾರಿಸುತ್ತದೆ. ಅದರ ಸದ್ದು ಅಡಗಿದ ಮೇಲೆ ರವಿವನ್ ಬೇರೆಯದೇ ದನಿಯಲ್ಲಿ ಕೇಳುತ್ತಾರೆ: “ಇವತ್ತಿನ ಹನಿ ಹೇಗೆ ಕೂತಿದೆ?”

“ಸರಿಯಾಗಿ ಕೂತಿದೆ.”

“ಸರಿಯಾಗಿ ಕೂರದೇ ಇದ್ದಿದ್ರೆ ನಮ್ಮ ಮೂವರನ್ನ ಬಿಟ್ಟು ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ.”

“ಅದನ್ನ ನಾನು ಆರೂವರೆಗೇ ಯೋಚನೆ ಮಾಡಿದ್ದೀನಿ ಮಗಳೇ” ಎನ್ನುತ್ತಾರೆ ಬುವಾಪನ್. “ಯೋಚನೆ ಮಾಡಿದ ಮೇಲೇ ಸರಿಯಾಗಿ ಕೂರಿಸಿದ್ದು. ನೀನು ಬಾ, ಹರಳು ತಣ್ಣಗಾಗೋಕೇ ಎರಡು ಗಂಟೆ ಬೇಕು.”

ಹತ್ತೂಕಾಲಿಗೆ ಏಟು. ಪಾತ್ರೆಯ ಗಾಜಿನ ಕಿಟಕಿಯಲ್ಲಿ ನೋಡುತ್ತ, ಸರಳಿನ ಹಿಡಿಯನ್ನು ಬುವಾಪನ್ ತಾವೇ ಒತ್ತುತ್ತಾರೆ. ಸದ್ದೇನೂ ಬರುವುದಿಲ್ಲ, ಒಳಗೆ ಗಾಳಿಯೇ ಇಲ್ಲ. ಕಡ್ಡಿ ಉರುಳುತ್ತದೆ. ಹರಳಿನ ಹೊಸ ಮುಖ ಕಿಟಕಿಯ ದೀಪಕ್ಕೆ ಥಳಕ್ಕೆನ್ನುತ್ತದೆ, ಅಂಚಿನಿಂದ ಅಂಚಿಗೆ ಕನ್ನಡಿ. ಹನ್ನೊಂದು ವರ್ಷದಲ್ಲಿ ಇಷ್ಟು ಚೊಕ್ಕಟವಾಗಿ ಬಂದವು ಹತ್ತೋ ಹನ್ನೆರಡೋ. ಬೇರೆ ದಿನವಾಗಿದ್ದರೆ ಬುನ್‌ಲೆರ್ಟ್ ಶಿಳ್ಳೆ ಹೊಡೆಯುತ್ತಿದ್ದರು.

ಬೆಳಕು ಬಿಡುತ್ತಾರೆ. ಈ ಸಲ ಹರಳನ್ನು ತಿರುಗಿಸಿದಾಗಲೆಲ್ಲ ಬುನ್‌ಲೆರ್ಟ್ ಚುಕ್ಕೆಯನ್ನು ಹಿಂದಕ್ಕೆ ಎಳೆದು ಹರಳಿನ ನಡುವಿಗೆ ತರುತ್ತಾರೆ. ಐದು ಡಿಗ್ರಿ, ಹತ್ತು ಡಿಗ್ರಿ, ಹದಿನೈದು. ಸಂದು ಕಿರಿದಾಗುತ್ತ ಬರುತ್ತದೆ. ಆ ಓರೆ ದಿಕ್ಕಿಗೆ, ನಲವತ್ತೈದಕ್ಕೆ, ಬಂದಾಗ ತೆರೆಯ ಮೇಲೆ ಸಂದು ಇನ್ನೂ ತೆರೆದೇ ಇದೆ. ಬಲು ಕಿರಿದು, ಆದರೆ ತೆರೆದಿದೆ. ರವಿವನ್ ಮತ್ತೆ ಅಳೆಯಿರಿ ಎನ್ನುತ್ತಾರೆ. ಮತ್ತೆ ಅಳೆಯುತ್ತಾರೆ. ಅದೇ. ಮೂರನೇ ಸಲವೂ ಅದೇ. ಹರಳು ಚೆನ್ನಾಗಿದೆ, ಮುಖ ಚೆನ್ನಾಗಿದೆ, ಬೆಳಕು ನೆಟ್ಟಗೆ ಬಿದ್ದಿದೆ. ದೂರಲು ಏನೂ ಉಳಿದಿಲ್ಲ. ಒಂದು ಕೆಲಸವನ್ನು ಇಷ್ಟು ಒಪ್ಪವಾಗಿ ಮಾಡಿ, ಮಾಡಿದ್ದಕ್ಕೆ ಇಷ್ಟು ಸಂಕಟಪಟ್ಟವರು ಅಪರೂಪ. ಬುವಾಪನ್ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಾರೆ.

“ಹೋಗ್ಲಿ ಬಿಡಿ” ಎನ್ನುತ್ತಾರೆ ಬುನ್‌ಲೆರ್ಟ್ ಯಾರಿಗೆಂದಿಲ್ಲದೆ. “ಕೋಳಿಗಳಾದ್ರೂ ಬದುಕಿದ್ವು.” ಯಾರೂ ನಗುವುದಿಲ್ಲ, ಅವರೂ ನಗುವುದಿಲ್ಲ.

ಸಂಜೆ ನಾಲ್ಕು. ಕಿಟಕಿಯಾಚೆ ಹೊಗೆ ಹಳದಿಗೆ ತಿರುಗಿದೆ. ರವಿವನ್ ಕಂಪ್ಯೂಟರಿನ ಮುಂದೆ ಕೂತು, ಎರಡು ವರ್ಷದ ಹಿಂದೆ ತಮ್ಮ ಲೇಖನ ಅಚ್ಚು ಮಾಡಿದ ಪತ್ರಿಕೆಗೆ ತಿದ್ದುಪಡಿ ಬರೆಯುತ್ತಿದ್ದಾರೆ. ನಾಳೆಗೆ ಬಿಟ್ಟರೆ ತಮ್ಮ ಬಾಯಿಯೂ ಭಾರವಾಗುತ್ತದೆ ಎಂಬ ಹೆದರಿಕೆ ಅವರಿಗೆ. ಬೆಳಗಿನಿಂದ ದೊಡ್ಡಮ್ಮನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿಲ್ಲ. ಬುವಾಪನ್ ಅವರಾಗಿಯೇ ಬಂದು ಕುರ್ಚಿಯ ಹಿಂದೆ ನಿಲ್ಲುತ್ತಾರೆ.

“ಏನ್ ಬರ್ದಿದ್ದೀಯ, ನಮ್ಮ ಮಾತಲ್ಲಿ ಹೇಳು.”

ರವಿವನ್ ತೆರೆಯನ್ನೇ ನೋಡುತ್ತ ಹೇಳುತ್ತಾರೆ. “ಮಾದರಿ ಸಿದ್ಧಮಾಡುವಾಗ ಆದ ಒಂದು ಲೋಪದಿಂದಾಗಿ ನಮ್ಮ ಹಿಂದಿನ ತೀರ್ಮಾನ ನಿಲ್ಲುವುದಿಲ್ಲ. ಅಷ್ಟೇ.”

“ಲೋಪ ತಾನಾಗೇ ಆಗುತ್ತಾ? ಯಾರೋ ಮಾಡಿರ್ತಾರಲ್ಲ. ನನ್ನ ಹೆಸರು ಹಾಕು.”

“ಬೇಡ ದೊಡ್ಡಮ್ಮ. ಸೆಪ್ಟೆಂಬರ್ ತನಕ ಕೆಲಸ ಇದೆ ನಿಮಗೆ. ನೋಡಿದವರು ಸುಮ್ನಿರಲ್ಲ. ಲೋಪ ಅಂದ್ರೆ ಸಾಕು, ಹೊಣೆ ನಂದೇ ಅಂತ ಎಲ್ಲರಿಗೂ ಅರ್ಥ ಆಗುತ್ತೆ.”

“ಅದಕ್ಕೇ ಹಾಕು ಅಂದಿದ್ದು. ಹೊಣೆ ನಿಂದಲ್ಲ.”

ರವಿವನ್ ಮೊದಲ ಬಾರಿಗೆ ತಿರುಗಿ ನೋಡುತ್ತಾರೆ. “ಇಷ್ಟು ವರ್ಷ ಎಷ್ಟು ಲೇಖನ ಬರೆದೆವು. ಒಂದರಲ್ಲೂ ನಿಮ್ಮ ಹೆಸರು ಹಾಕ್ಲಿಲ್ಲ ನಾನು. ಹೊಳೀಲೂ ಇಲ್ಲ. ಇದರಲ್ಲಿ ಹಾಕಂತೀರಲ್ಲ.”

ಬುವಾಪನ್ ತಡೆದು ತಡೆದು ಹೇಳುತ್ತಾರೆ. “ನೆಟ್ಟಗೆ ಕೂತ ಹನಿ ಯಾರ ಕಣ್ಣಿಗೂ ಬೀಳಲ್ಲ ಮಗಳೇ. ಯಂತ್ರ ಮಾಡ್ತು ಅಂದ್ಕೋತಾರೆ. ಅಂದ್ಕೊಳ್ಳಲಿ. ಇದು ಜಾರಿದ್ದು. ಇದನ್ನಾದ್ರೂ ಒಂದು ಕೈ ಇಟ್ಟಿದ್ದು ಅಂತ ಅವರಿಗೆ ಗೊತ್ತಾಗ್ಲಿ. ಇನ್ನೇನೂ ಕೇಳಲ್ಲ ನಿನ್ನ ಹತ್ರ.”

ರವಿವನ್ ತೆರೆಯ ಕಡೆ ತಿರುಗುತ್ತಾರೆ. ಲೋಪ ಎಂಬ ಮಾತನ್ನು ಅಳಿಸುತ್ತಾರೆ. ಅಂಟು ಹಾಕಿದವರು ಎಂದು ಬರೆದು, ಬುವಾಪನ್ ಎಂದು ಬರೆಯುತ್ತಾರೆ. ಅಲ್ಲಿಗೆ ಬೆರಳು ನಿಲ್ಲುತ್ತದೆ. ಅಚ್ಚಿಗೆ ಪೂರಾ ಹೆಸರು ಬೇಕು.

“ದೊಡ್ಡಮ್ಮ” ಎನ್ನುತ್ತಾರೆ, ತಲೆ ಎತ್ತದೆ. “ನಿಮ್ಮ ಮನೆತನದ ಹೆಸರು ಏನು?”

ಹನ್ನೊಂದು ವರ್ಷದಲ್ಲಿ ಈ ಕೋಣೆಯೊಳಗೆ ಅದನ್ನು ಯಾರೂ ಕೇಳಿರಲಿಲ್ಲ. ಬುವಾಪನ್ ಕನ್ನಡಕ ಬದಲಿಸಿಕೊಂಡು, ಅಕ್ಷರ ತಪ್ಪದ ಹಾಗೆ ನೋಡಿಕೊಳ್ಳಲು ತೆರೆಯ ಹತ್ತಿರಕ್ಕೆ ಬಗ್ಗುತ್ತಾರೆ.

“ಇಂತಾಚಾಕ್” ಎನ್ನುತ್ತಾರೆ. “ನಿಧಾನಕ್ಕೆ ಬರಿ. ಬುವಾಪನ್ ಇಂತಾಚಾಕ್.”